ಗಿರಣಿ ಹಿಂದಿನ ಗೇಮ್ ಪೆಟ್ಟಿಗೆ

ಟಾರ್ಪಾಲು ಎತ್ತಿದ ಕೂಡಲೇ ಹಿಟ್ಟು ಮೂಗಿಗೆ ನುಗ್ಗಿ ನಾಲ್ಕು ಸಲ ಸೀನಿದೆ. ಐದನೇ ಸೀನಿಗೆ ಮೊದಲು ಪೆಟ್ಟಿಗೆ ಕಣ್ಣಿಗೆ ಬಿತ್ತು. ಆಳೆತ್ತರದ ಪ್ಲೈವುಡ್ ಮೈ, ಎದೆಮಟ್ಟದಲ್ಲಿ ಓರೆಯಾಗಿ ಕೂರಿಸಿದ ಟೀವಿ ಗಾಜು, ಅದರ ಕೆಳಗೆ ಕೆಂಪು ಉಂಡೆಯ ಒಂದು ಹಿಡಿಕೆ, ಪಕ್ಕದಲ್ಲಿ ಎರಡು ಗುಂಡಿ. ಒಂದು ಗುಂಡಿ ಇನ್ನೊಂದಕ್ಕಿಂತ ಅರ್ಧ ಬೆರಳು ಕೆಳಗಿತ್ತು. ಆ ಸೊಟ್ಟ ಗುಂಡಿ ನೋಡಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಏಳನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟ ಕೂಡಲೇ ಓಡಿ ಬಂದು ನಾನು ನಿಲ್ಲುತ್ತಿದ್ದದ್ದು ಇದೇ ಪೆಟ್ಟಿಗೆಯ ಮುಂದೆ. ಬೆಟ್ಟಗಳ ನಡುವೆ ತಗ್ಗಿ ಹಾರುವ ಪುಟ್ಟ ವಿಮಾನ, ಕೆಳಗಿನಿಂದ ಏರಿ ಬರುವ ರಾಕೆಟ್ಟುಗಳು. ಜೇಬಿನಲ್ಲಿ ಏನೂ ಇಲ್ಲದ ದಿನ ಬೇರೆಯವರ ಹೆಗಲ ಮೇಲಿಂದ ನೋಡುತ್ತ ನಿಂತು ಮನೆಯಲ್ಲಿ ಬೈಸಿಕೊಂಡಿದ್ದೂ ಇದರಿಂದಲೇ.

ಇದು ಭದ್ರಾವತಿ ಓಲ್ಡ್ ಟೌನ್‌ನ ಹಿಟ್ಟಿನ ಗಿರಣಿಯೊಂದರ ಹಿಂದಿನ ಕೋಣೆ. ಆಗ ಮುಂದೆ ಗಿರಣಿ, ಪಕ್ಕದ ಮಳಿಗೆಯಲ್ಲಿ ವಿಡಿಯೋ ಗೇಮ್ ಅಂಗಡಿ, ಎರಡಕ್ಕೂ ಯಜಮಾನರು ಒಬ್ಬರೇ. ಈಗ ಗೇಮ್ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂದಿದೆ, ಗಿರಣಿ ಮಾತ್ರ ಓಡುತ್ತಿದೆ. ಪೆಟ್ಟಿಗೆಯೊಂದು ಅಲ್ಲಿ ಉಳಿದಿದೆ ಎಂದು ಹೇಳಿದ್ದು ನನ್ನ ಅಂಗಡಿಗೆ ಇನ್‌ವರ್ಟರ್ ರಿಪೇರಿಗೆ ಬಂದ ಗಿರಾಕಿ. ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಮನೆಯ ಕೆಳಗೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ಇಂಥ ನಾಲ್ಕು ಹಳೆಯ ಪೆಟ್ಟಿಗೆಗಳು ಆಗಲೇ ನಿಂತಿವೆ. ಎಲ್ಲವನ್ನೂ ನಾನೇ ರಿಪೇರಿ ಮಾಡಿ ಓಡುವ ಹಾಗೆ ಮಾಡಿದ್ದೇನೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ.

"ಏನು ಕೊಡಬೇಕು ಯಜಮಾನ್ರೇ?" ಎಂದು ಕೇಳಿದೆ.

"ದುಡ್ಡಿನ ಮಾತು ಬೇಡ," ಎಂದರು. ಎಪ್ಪತ್ತು ದಾಟಿದವರು, ಹುಬ್ಬಿನವರೆಗೂ ಹಿಟ್ಟು. "ಇದರ ಜೊತೆದು ಇನ್ನೊಂದಿತ್ತು. ಯಾರೋ ಬಂದು ಚೆನ್ನಾಗಿ ನೋಡ್ಕೋತೀನಿ ಅಂತ ತಗೊಂಡೋದ. ಆಮೇಲ್ ಹೋಗಿ ನೋಡಿದ್ರೆ ಒಳಗಿದ್ದದ್ದೆಲ್ಲ ಕಿತ್ ಬಿಸಾಕಿ ಹೊಸ ಟೀವಿ, ಬೆಂಕಿಪೊಟ್ಣದಷ್ಟು ಬೋರ್ಡು ಹಾಕಿದಾನೆ. ಅದು ನನ್ ಮಿಷಿನ್ನಾ? ನೀನ್ ತಗೊಂಡೋಗು. ಆದ್ರೆ ಒಳಗಿರೋದು ಒಳಗೇ ಇರ್ಬೇಕು. ಹಂಗೇ ಓಡಿಸಿ ಇಲ್ಲಿಗ್ ತಂದು ತೋರ್ಸು. ಓಡಿದ್ರೆ ನಿಂದು. ಇಲ್ಲಾಂದ್ರೆ ಇಲ್ಲೇ ಬಿಟ್ಟೋಗು."

"ಇದನ್ನ ಕಟ್ಟಿದ್ದು ಯಾರು?"

"ಬೋರ್ಡೊಂದು ಮದ್ರಾಸಿಂದ ಬಂದಿದ್ದು. ಮಿಕ್ಕಿದ್ದೆಲ್ಲ ನಮ್ಮೂರ್ ಕಬ್ಬಿಣದ್ ಫ್ಯಾಕ್ಟ್ರಿ ಎಲೆಕ್ಟ್ರಿಕಲ್ ಮೇಸ್ತ್ರಿದು. ಡ್ಯೂಟಿ ಮುಗ್ಸಿ ಬಂದು ಇಲ್ಲೇ ಕೂತು ಮೂರ್ ತಿಂಗ್ಳು ಕಟ್ಟಿದ. ಫ್ಯಾಕ್ಟ್ರಿ ಪ್ಯಾನೆಲ್ ಕಟ್ಟೋ ಕೈ ಅದು."

ನಾನು ತಲೆಯಾಡಿಸಿದೆ. ಮಾತು ಕೊಟ್ಟೆ. ನಾಲ್ಕು ಪೆಟ್ಟಿಗೆ ಬದುಕಿಸಿದವನಿಗೆ ಐದನೆಯದು ಯಾವ ಲೆಕ್ಕ ಎಂದುಕೊಂಡಿದ್ದೆ. ಆಗ ನನಗೆ ಸ್ವಲ್ಪ ಕೊಬ್ಬು ಜಾಸ್ತಿಯೇ ಇತ್ತು.

ಇಂಥ ಪೆಟ್ಟಿಗೆಯನ್ನು ಮಲಗಿಸಿ ಸಾಗಿಸಬಾರದು, ಪಿಕ್ಚರ್ ಟ್ಯೂಬಿನ ಕತ್ತು ಸೂಕ್ಷ್ಮ. ಲಗೇಜ್ ಆಟೋದಲ್ಲಿ ನಿಲ್ಲಿಸಿ, ನಾನೂ ಹಿಂದೆ ನಿಂತು ಅಪ್ಪಿ ಹಿಡಿದುಕೊಂಡು ಆಲ್ಕೊಳದವರೆಗೆ ಬಂದೆ. ಸರ್ಕಲ್ಲಿನಲ್ಲಿ ಗುರುತಿನವರು ಕೈ ಬೀಸಿದರು, ನನಗೆ ಬೀಸಲು ಕೈ ಇರಲಿಲ್ಲ.

ಮೊದಲ ವಾರ ಕರೆಂಟು ಕೊಡುವ ಹಾಗಿಲ್ಲ, ಇದು ನನ್ನ ನಿಯಮ. ಹಿಂಬಾಗಿಲು ತೆಗೆದು, ಟ್ಯೂಬಿನಲ್ಲಿ ಚಾರ್ಜ್ ಉಳಿದಿದ್ದರೆ ಇಳಿಯಲಿ ಎಂದು ಸ್ಕ್ರೂಡ್ರೈವರಿಗೆ ವೈರು ಕಟ್ಟಿ ಮುಟ್ಟಿಸಿದೆ. ಆಮೇಲೆ ಹಿಟ್ಟಿನ ಜೊತೆ ಯುದ್ಧ. ವರ್ಷಗಟ್ಟಲೆ ಕೂತ ಹಿಟ್ಟು ತೇವಕ್ಕೆ ಅಂಟಾಗಿ, ಬೇಸಿಗೆಗೆ ಒಣಗಿ, ಗಾರೆಯಾಗಿತ್ತು. ಬ್ಲೋವರ್ ಹೊಡೆದರೆ ಮೇಲಿನ ಪುಡಿ ಹಾರಿತು, ಅಷ್ಟೆ. ಮಿಕ್ಕಿದ್ದನ್ನು ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್, ಬಿದಿರಿನ ಕಡ್ಡಿಯಿಂದ ಕೆರೆದೆ. ಬೋರ್ಡಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಚಿಪ್, ಪ್ರತಿಯೊಂದರ ಕಾಲಿನ ಸಂದಿಗೂ ಕಡ್ಡಿ ಹಾಕಬೇಕು. ಉಬ್ಬಿದ್ದ ಕೆಪಾಸಿಟರುಗಳನ್ನು ಬದಲಾಯಿಸಿದೆ. ಕಪ್ಪುಗಟ್ಟಿದ ಕನೆಕ್ಟರನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳೆಯಿಸಿದೆ. ಈ ಕೆಲಸದಲ್ಲಿ ನನಗೆ ಸರಿಸಾಟಿ ಶಿವಮೊಗ್ಗದಲ್ಲಿ ಇಲ್ಲ, ಇದ್ದರೆ ತೋರಿಸಿ.

ಆಮೇಲೆ ವೈರಿಂಗ್ ನೋಡಿದೆ, ನಗು ಬಂತು. ಅಷ್ಟೂ ವೈರು ಒಂದೇ ಬೂದು ಬಣ್ಣ. ಕರೆಂಟು ಹೋಗುವುದು, ಬರುವುದು, ಚಿತ್ರ, ಶಬ್ದ, ಗುಂಡಿ, ಎಲ್ಲ ಬೂದು. ಪ್ರತಿ ವೈರಿನ ಎರಡೂ ತುದಿಗೆ ಅಕ್ಕಿಕಾಳಿನಷ್ಟು ಸಣ್ಣ ಹಳದಿ ಬಳೆಗಳು, ಬಳೆಯ ಮೇಲೆ ಒಂದೊಂದು ಅಂಕಿ. ಅದಕ್ಕೆ ಫೆರೂಲ್ ಎನ್ನುತ್ತಾರೆ, ಕಾರ್ಖಾನೆಯ ಪ್ಯಾನೆಲ್‌ಗಳಲ್ಲಿ ಇರುತ್ತದೆ ಎಂದು ಗೊತ್ತಿತ್ತು. ಅರ್ಧಕ್ಕರ್ಧ ಹಿಟ್ಟಿನ ಗಾರೆಯಡಿ ಮುಚ್ಚಿಹೋಗಿದ್ದವು. ನಮ್ಮ ರಿಪೇರಿಯವರಲ್ಲಿ ಐದು ವೋಲ್ಟಿಗೆ ಕೆಂಪು, ಹನ್ನೆರಡಕ್ಕೆ ಹಳದಿ, ಗ್ರೌಂಡಿಗೆ, ಅಂದರೆ ಕರೆಂಟು ವಾಪಸು ಬರುವ ದಾರಿಗೆ, ಕಪ್ಪು. ಬಣ್ಣವಿಲ್ಲದ ವೈರಿಂಗ್ ನನ್ನ ಕಣ್ಣಿಗೆ ವೈರಿಂಗೇ ಅಲ್ಲ. ಕಟರ್ ತೆಗೆದುಕೊಂಡು ಅಷ್ಟನ್ನೂ ಕತ್ತರಿಸಿ ಗೋಣಿಚೀಲಕ್ಕೆ ತುಂಬಿದೆ. ಸೋಮವಾರ ಗುಜರಿಯವನು ತಾಮ್ರಕ್ಕೆ ಆಸೆಪಟ್ಟು ಎತ್ತಿಕೊಂಡು ಹೋದ. ಹಳೆಯ ಭಾರದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಮೂಲೆಗಿಟ್ಟು ಹೊಸ ಪವರ್ ಸಪ್ಲೈ ಕೂರಿಸಿದೆ. ಕೊಟ್ಟ ಮಾತು ನೆನಪಾಗಲಿಲ್ಲವೇ ಎಂದರೆ, ಆಯಿತು. ಒಳಗಿರುವುದು ಎಂದರೆ ಬೋರ್ಡು, ಟ್ಯೂಬು. ವೈರು ರಸ್ತೆ ಇದ್ದ ಹಾಗೆ, ರಸ್ತೆಗೆ ಹೊಸ ಟಾರು ಹಾಕಿದರೆ ಊರು ಬದಲಾಯಿತೇ? ನನಗೆ ನಾನೇ ವಕೀಲನಾಗಿದ್ದೆ.

ಹತ್ತು ದಿನ ಕೂತು ಬಣ್ಣಬಣ್ಣದ ಹೊಸ ವೈರಿಂಗ್ ಕಟ್ಟಿದೆ. ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿ ಶಭಾಷ್ ಎನ್ನಿಸಿಕೊಂಡೂ ಆಯಿತು. ಭಾನುವಾರ ಬೆಳಿಗ್ಗೆ ಸ್ವಿಚ್ ಹಾಕಿದೆ.

ಟಪ್ ಎಂದಿತು. ಅಷ್ಟೆ.

ಈ ಬೋರ್ಡು ಸುಟ್ಟರೆ ಇನ್ನೊಂದು ಸಿಗುವುದಿಲ್ಲ, ಇನ್ನೊಂದು ಸಿಕ್ಕಿದರೂ ಅದು ಇದಲ್ಲ. ಬೋರ್ಡು ತಿರುಗಿಸಿ ನೋಡಿದರೆ, ಕೆಳಗೆ ಯಾರೋ ಕೈಯಾರೆ ಬೆಸೆದ ಗಾಜಿನ ಫ್ಯೂಸು, ಪಕ್ಕದಲ್ಲಿ ಒಂದು ಡಯೋಡು. ಫ್ಯೂಸು ಸುಟ್ಟಿತ್ತು, ಬೋರ್ಡು ಉಳಿದಿತ್ತು. ನಾನು ಮಾಡಿದ ತಪ್ಪು ಡಿಪ್ಲೊಮಾ ಮೊದಲ ವರ್ಷದ ಹುಡುಗರೂ ಮಾಡುವಂಥದ್ದಲ್ಲ. ಹಿಂದಿನ ನಾಲ್ಕು ಪೆಟ್ಟಿಗೆಗಳ ಕನೆಕ್ಟರಿನ ಕ್ರಮವೇ ಇದಕ್ಕೂ ಎಂದು ನಂಬಿ, ಮೀಟರಿಟ್ಟು ನೋಡದೆ ಐದು ವೋಲ್ಟನ್ನು ಗ್ರೌಂಡಿಗೆ, ಗ್ರೌಂಡನ್ನು ಐದು ವೋಲ್ಟಿಗೆ ಕೊಟ್ಟಿದ್ದೆ. ನನ್ನಂಥವನೊಬ್ಬ ಮುಂದೊಂದು ದಿನ ಬರುತ್ತಾನೆ ಎಂದು ಮೂವತ್ತು ವರ್ಷದ ಹಿಂದೆಯೇ ಯೋಚಿಸಿ ಮೇಸ್ತ್ರಿ ಅಲ್ಲೊಂದು ಕಾವಲು ಹಾಕಿದ್ದರು. ನಾಚಿಕೆಯಾಯಿತು.

ಮುಂದಿನ ಎರಡು ವಾರ ಮೀಟರ್ ಹಿಡಿದು ಒಂದೊಂದೇ ಪಿನ್ನಿನ ಜಾಡು ಹಿಡಿದೆ. ಚಿಪ್‌ನ ಯಾವ ಕಾಲಿಗೆ ಯಾವುದು ಸೇರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋಗಿ, ಕೊನೆಗೆ ಹೊಸ ಫ್ಯೂಸು ಹಾಕಿದಾಗ ಚಿತ್ರ ಬಂತು. ಬಂತು, ಆದರೆ ನಿಲ್ಲಲಿಲ್ಲ. ಬೆಟ್ಟಗಳು ಒಣಹಾಕಿದ ಸೀರೆಯಂತೆ ಅಲೆಯಾಡುತ್ತಿದ್ದವು, ದಪ್ಪನೆಯ ಕಪ್ಪು ಪಟ್ಟಿಯೊಂದು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಸ್ಪೀಕರಿನಲ್ಲಿ ಜೇನುಹುಳದ ಗುಂಯ್. ಕೆಪಾಸಿಟರ್ ಬದಲಾಯಿಸಿದೆ, ಪವರ್ ಸಪ್ಲೈ ಬದಲಾಯಿಸಿದೆ, ಟ್ಯೂಬಿನ ಬೋರ್ಡನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಪಟ್ಟಿ ತನ್ನ ಪಾಡಿಗೆ ಏರುತ್ತಲೇ ಇತ್ತು. ಟೀವಿ ಬಿಡಿಭಾಗ ಮಾರುವ ಗೆಳೆಯ ಬಂದು ನೋಡಿ, "ಹೊಸ ಬೋರ್ಡ್ ಹಾಕಿ ಮುಗ್ಸೋ ಮಾರಾಯ, ಆ ಮುದುಕಂಗೆ ಎಂತ ಗೊತ್ತಾಗ್ತದೆ?" ಎಂದ. ಒಂದು ಕ್ಷಣ ಆಸೆಯಾದದ್ದು ನಿಜ.

ನನ್ನ ಹೆಂಡತಿ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಸ್ಸಿಳಿದು ಬಂದವಳು ಅಲೆಯಾಡುವ ಬೆಟ್ಟಗಳನ್ನು ನಿಂತು ನೋಡಿದಳು.

"ಮಾರಾಯ್ರೇ, ಕಟ್ಟಿದವರು ಬದುಕಿದಾರಾ?"

"ಇರ್ಬೇಕು."

"ಮತ್ತೆ ಅವರನ್ನೇ ಕೇಳೋಕೆ ಏನು? ಏನ್ ಹೋಗುತ್ತೆ?"

"ಮರ್ಯಾದೆ ಹೋಗುತ್ತೆ."

"ಅದು ಟಪ್ ಅಂದಾಗ್ಲೇ ಹೋಯ್ತಲ್ಲ," ಎಂದು ಒಳಗೆ ಹೋದಳು.

ಯಜಮಾನರಿಗೆ ಫೋನು ಮಾಡಿದೆ. ಎಷ್ಟಾಯಿತು ಎಂದು ಕೇಳಿದರು. ಆಗ್ತಾ ಇದೆ, ಮೇಸ್ತ್ರಿಯವರನ್ನು ಸುಮ್ಮನೆ ಒಮ್ಮೆ ನೋಡುವ ಆಸೆ ಎಂದೆ. ವೈರಿನ ಸುದ್ದಿ ಎತ್ತಲಿಲ್ಲ. ಅವರು ಖುಷಿಯಿಂದ ಫೋನ್ ನಂಬರು ಕೊಟ್ಟರು.

ಪೆಟ್ಟಿಗೆ ನೋಡಲು ಬನ್ನಿ ಎಂದು ಕರೆದೆ, ಮೇಸ್ತ್ರಿ ಭಾನುವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದರು. ಮನೆಮಾತು ತಮಿಳು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಟೆಸ್ಟರ್. ಬಸ್ ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಕರೆತಂದೆ. ಪೆಟ್ಟಿಗೆಯ ಮುಂಭಾಗವನ್ನು ಅವರು ನೋಡಲೇ ಇಲ್ಲ, ನೇರ ಹಿಂದಕ್ಕೆ ಹೋಗಿ ಬಾಗಿಲು ತೆಗೆದರು.

"ಎನ್ನಪ್ಪಾ ಇದು, ಹೋಳಿ ಹಬ್ಬನಾ?" ಎಂದರು. ನಾನು ನಕ್ಕೆ, ಅವರು ನಗಲಿಲ್ಲ. "ನಂಬರ್ ಎಲ್ಲಿ ಸಾರ್?"

"ಗುಜರಿಗೆ ಹೋಯ್ತು."

ಸ್ಟೂಲಿನ ಮೇಲೆ ಕೂತರು. ಹೆಂಡತಿ ತಂದ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಭದ್ರಾವತಿ ಬಸ್ ಈಗ ಸಿಗತ್ತಾ?" ಎಂದು ಕೇಳಿದರು.

ನಾನು ಬೇರೇನೂ ತೋಚದೆ ಡ್ರಾಯರಿನಿಂದ ಆ ಸುಟ್ಟ ಫ್ಯೂಸು ತೆಗೆದು ಅವರ ಅಂಗೈಗೆ ಹಾಕಿದೆ. "ಇದು ನಿಮ್ದಲ್ವಾ? ನಾನು ಉಲ್ಟಾ ಕೊಟ್ಟೆ. ಇದಿಲ್ದೇ ಇದ್ದಿದ್ರೆ ಬೋರ್ಡ್ ಹೋಗೇಬಿಡ್ತಿತ್ತು."

ಅವರು ಅದನ್ನು ಬೆಳಕಿಗೆ ಹಿಡಿದರು. ಒಳಗಿನ ತಂತಿ ಕರಗಿದ ಗುರುತನ್ನು ಒಂದು ಕಣ್ಣು ಮುಚ್ಚಿ ನೋಡಿದರು. "ಕೆಲಸ ಮಾಡ್ತಾ?" ಎಂದರು.

"ಮಾಡ್ತು."

"ಅಷ್ಟ್ ವರ್ಷ ಆದ್ಮೇಲೂ?"

"ಒಂದೇ ಏಟಿಗೆ."

ಆಗ ಮೊದಲ ಸಲ ಮುಖ ಅರಳಿತು. ಅಂಗಿಯ ತೋಳು ಮಡಚಿದರು. ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಸ್ವಿಚ್ ಹಾಕಿ ಅಲೆಯಾಡುವ ಚಿತ್ರ ತೋರಿಸಿದೆ. ನನ್ನ ಕಪ್ಪು ವೈರನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದರು. ಅದು ಬೋರ್ಡಿಗೆ ಹೋಗಿ, ಅಲ್ಲಿಂದ ಟ್ಯೂಬಿಗೆ, ಅಲ್ಲಿಂದ ಸ್ಪೀಕರಿಗೆ, ಅಲ್ಲಿಂದ ಗುಂಡಿಗಳಿಗೆ ಒಂದೇ ಸರಪಳಿಯಾಗಿ ಸಾಗಿತ್ತು. ಮಾರುಕಟ್ಟೆಯಲ್ಲಿ ಸಿಗುವ ವೈರಿಂಗೂ ಹಾಗೆಯೇ ಇರುತ್ತದೆ. "ನಾಲ್ಕ್ ಮನೆಯವ್ರು ಒಂದೇ ಓಣೀಲಿ ವಾಪಸ್ ಬಂದ್ರೆ ನೂಕಾಟ ಆಗಲ್ವಾ? ಟ್ಯೂಬಿನ ಗಲಾಟೆ ಬೋರ್ಡಿಗೆ, ಸ್ಪೀಕರ್ ಗಲಾಟೆ ಟ್ಯೂಬಿಗೆ. ನಾನು ಎಲ್ರಿಗೂ ಬೇರೆ ಬೇರೆ ದಾರಿ ಕೊಟ್ಟು, ಟ್ರಾನ್ಸ್‌ಫಾರ್ಮರ್ ಹತ್ರ ಒಂದೇ ಬೋಲ್ಟಿಗೆ ಸೇರ್ಸಿದ್ದೆ. ಫ್ಯಾಕ್ಟ್ರೀಲಿ ಹಾಗೇ ಕಲ್ತದ್ದು," ಎಂದರು. ನಾನು ಕಸವೆಂದು ಗೋಣಿಚೀಲಕ್ಕೆ ತುಂಬಿದ್ದು ನನ್ನದಕ್ಕಿಂತ ಉತ್ತಮ ವೈರಿಂಗನ್ನು.

"ಹಾಗಾದ್ರೆ ಕಪ್ಪು ವೈರ್ ಮಾತ್ರ ಬದಲಾಯಿಸಿದ್ರೆ ಸಾಕಾ?"

"ಸಾಕು. ಚಿತ್ರ ನಿಲ್ಲತ್ತೆ. ಆದ್ರೆ ಅದು ನಾನ್ ಕಟ್ಟಿದ ಮಿಷಿನ್ ಅಲ್ಲ, ನೀವ್ ಕಟ್ಟಿದ್ದು."

ಗಂಟೆಯೊಳಗೆ ಮುಗಿಯುವ ಕೆಲಸ ಎದುರಿಗಿತ್ತು. ಹತ್ತು ದಿನದ ನನ್ನ ಅಂದದ ವೈರಿಂಗ್ ಎದುರಿಗಿತ್ತು. ಯಜಮಾನರ ಮಾತೂ ಕಿವಿಯಲ್ಲಿತ್ತು. ಕಟರ್ ತೆಗೆದುಕೊಂಡು ಕೆಂಪು, ಹಳದಿ, ಹಸಿರು, ಅಷ್ಟನ್ನೂ ಕತ್ತರಿಸಿದೆ. ಮೇಸ್ತ್ರಿ ತಡೆಯಲಿಲ್ಲ, ಹೊಗಳಲೂ ಇಲ್ಲ. "ಬೂದು ವೈರ್ ತನ್ನಿ, ಒಂದೂವರೆ ಎಂಎಂ ಸ್ವಲ್ಪ, ಮಿಕ್ಕಿದ್ದು ಅರ್ಧ ಎಂಎಂ. ಫೆರೂಲ್ ಸೊನ್ನೆಯಿಂದ ಒಂಬತ್ತು. ನಾನು ಹೇಳ್ತೀನಿ, ನೀವು ಕಟ್ಟಿ. ಕಿತ್ತವ್ರೇ ಕಟ್ಬೇಕು," ಎಂದರು.

ನಾಲ್ಕು ಭಾನುವಾರ ಹಿಡಿಯಿತು. ಹಳೆಯ ನಂಬರುಗಳು ಅವರಿಗೂ ನೆನಪಿರಲಿಲ್ಲ, ಆದರೆ ಪದ್ಧತಿ ನೆನಪಿತ್ತು. ಟ್ರಾನ್ಸ್‌ಫಾರ್ಮರ್ ಒಂದು, ಬೋರ್ಡು ಎರಡು, ಟ್ಯೂಬು ಮೂರು, ಹಿಡಿಕೆ ಮತ್ತು ಗುಂಡಿ ನಾಲ್ಕು, ಸ್ಪೀಕರು ಐದು. ಮೊದಲ ಅಂಕಿ ವೈರು ಹೊರಡುವ ಜಾಗ, ಕೊನೆಯದು ಸೇರುವ ಜಾಗ, ನಡುವಿನದು ಅದರ ಸರದಿ. ಇಷ್ಟು ತಿಳಿದರೆ ನಕ್ಷೆಯಿಲ್ಲದೆಯೂ ಯಾವ ವೈರು ಎಲ್ಲಿಯದು ಎಂದು ಹೇಳಬಹುದು. ಬಣ್ಣ ಎಲ್ಲಿಂದ ಎಲ್ಲಿಗೆ ಎಂದು ಹೇಳುವುದಿಲ್ಲ, ವೈರು ಹಳತಾದರೆ ಬಣ್ಣವೂ ಮಾಸುತ್ತದೆ. ಅಂಕಿ ಮಾಸುವುದಿಲ್ಲ.

ಅಳತೆಗೆ ಕತ್ತರಿಸು, ತುದಿ ಸುಲಿ, ಬಳೆ ತೂರಿಸು, ಲಗ್ ಎಂಬ ತಗಡಿನ ತುದಿ ಹಾಕು, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡು. ಬಳೆ ತೂರಿಸುವುದನ್ನು ಮರೆತು ಲಗ್ ಒತ್ತಿಬಿಟ್ಟರೆ ಮುಗಿಯಿತು, ತುದಿ ಕತ್ತರಿಸಿ ಮೊದಲಿನಿಂದ. ಮೊದಲ ಭಾನುವಾರ ನಾನು ಹನ್ನೊಂದು ಸಲ ಮರೆತೆ. ಪ್ರತಿ ಸಲವೂ ಮೇಸ್ತ್ರಿ ಕಟರ್ ನನ್ನ ಕಡೆ ಸರಿಸುತ್ತಿದ್ದರು. ಅಂಕಿ ತಲೆಕೆಳಗಾದರೂ ಕಟರ್ ಬರುತ್ತಿತ್ತು. ಬೂದು ವೈರು ಎರಡು ಸಲ ಮುಗಿದು ಎರಡು ಸಲ ಬಿ.ಎಚ್. ರಸ್ತೆಗೆ ಓಡಿದೆ. ಎರಡನೇ ಭಾನುವಾರ ಸಿಟ್ಟು ತಡೆಯಲಾಗದೆ, "ಹಿಂದುಗಡೆ ಯಾರ್ ನೋಡ್ತಾರೆ ಮೇಸ್ತ್ರಿ?" ಎಂದುಬಿಟ್ಟೆ. "ನಾನ್ ನೋಡ್ತಾ ಇದೀನಲ್ಲ," ಎಂದರು.

ಹೊಸ ಪವರ್ ಸಪ್ಲೈಯನ್ನೂ ತೆಗೆಸಿ ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಮತ್ತೆ ಕೂರಿಸಿದರು. ಅದನ್ನು ಅವರೇ ಕೈಯಿಂದ ಸುತ್ತಿದ್ದಂತೆ. ಗಿರಣಿ ಮೋಟರು ಶುರುವಾದಾಗ ಓಲ್ಡ್ ಟೌನ್‌ನಲ್ಲಿ ವೋಲ್ಟೇಜು ಕುಸಿಯುತ್ತಿತ್ತು, ಅದಕ್ಕೆಂದೇ ಎರಡು ಪದರ ಹೆಚ್ಚು ಸುತ್ತಿದ್ದೆ ಎಂದರು. ಕೊನೆಯ ಭಾನುವಾರ ಮಧ್ಯಾಹ್ನ ಕೂತು ಅರವತ್ತಮೂರು ವೈರುಗಳನ್ನೂ ಒಂದೊಂದಾಗಿ ಬೆರಳಿಗೆ ಸುತ್ತಿ ಜಗ್ಗಿದರು. ಕಾರ್ಖಾನೆಯಲ್ಲಿ ಪ್ಯಾನೆಲ್ ಒಪ್ಪಿಸುವ ಮೊದಲು ಹೀಗೆ ಎಳೆದು ನೋಡುವ ರೂಢಿ. ನಾನು ಪರೀಕ್ಷೆಯ ರಿಸಲ್ಟಿಗೆ ಕಾದವನಂತೆ ನಿಂತಿದ್ದೆ. ಜಗ್ಗಿ ಮುಗಿಸಿ, "ಸ್ವಿಚ್ ಹಾಕಿ," ಎಂದರು.

ಬೆಟ್ಟಗಳು ಬಂದವು, ನಿಂತವು. ಕಪ್ಪು ಪಟ್ಟಿ ಇಲ್ಲ, ಗುಂಯ್ ಇಲ್ಲ. ವಿಮಾನ ಎಡಗಡೆಯಿಂದ ತೇಲಿ ಬಂತು. ನನ್ನ ಕಣ್ಣು ತೇವವಾಯಿತು, ಮುಚ್ಚಿಡುವುದೇನಿದೆ. ಮೇಸ್ತ್ರಿ ಆಗಲೂ ಹಿಂದುಗಡೆಯೇ ಇದ್ದರು, ಟ್ರಾನ್ಸ್‌ಫಾರ್ಮರಿನ ಬಿಸಿಯನ್ನು ಅಂಗೈಯಿಂದ ನೋಡುತ್ತ.

ಮುಂದಿನ ವಾರ ನಾನೂ ಮೇಸ್ತ್ರಿಯೂ ಪೆಟ್ಟಿಗೆಯನ್ನು ಗಿರಣಿಗೆ ತೆಗೆದುಕೊಂಡು ಹೋದೆವು. ಹಿಂದಿನ ಕೋಣೆಯ ಅದೇ ಜಾಗದಲ್ಲಿ, ಗಿರಣಿಯ ಲೈನಿಗೇ ಹಾಕಿಸಿದರು ಯಜಮಾನರು. ಚಿತ್ರ ಬಂದದ್ದನ್ನು ಕೈಕಟ್ಟಿ ನೋಡಿದರು. ಅಷ್ಟರಲ್ಲಿ ಹೆಂಗಸೊಬ್ಬರು ರಾಗಿ ಡಬ್ಬ ತಂದಿಟ್ಟರು. ಯಜಮಾನರು ನನ್ನ ಮುಖ ನೋಡಿ ಹೋಗಿ ಮೋಟರಿನ ಸ್ಟಾರ್ಟರ್ ಎಳೆದರು. ಬಲ್ಬು ಮಂಕಾಯಿತು. ಚಿತ್ರ ಎರಡೂ ಅಂಚಿನಿಂದ ಒಂದು ಬೆರಳಷ್ಟು ಒಳಗೆ ಕುಗ್ಗಿತು. ಮತ್ತೆ ಹಿಗ್ಗಿತು. ವಿಮಾನ ಹಾರುತ್ತಲೇ ಇತ್ತು.

ಯಜಮಾನರು ಬ್ಯಾಟರಿ ತಂದು ಹಿಂಬಾಗಿಲು ತೆಗೆದು ಒಳಗೆ ಬೆಳಕು ಬಿಟ್ಟರು. ಬೂದು ವೈರು, ಹಳದಿ ಬಳೆ, ಅಂಕಿಗಳು. ಮೋಟರಿನ ಸದ್ದನ್ನು ಮೀರಿ ನನ್ನ ಕಿವಿಯ ಹತ್ತಿರ ಕೂಗಿದರು: "ಹಂಗೇ ಐತಲ್ಲೋ! ಒಂದ್ ವೈರೂ ಮುಟ್ಟಿಲ್ಲ ನೀನು!"

ನಾನು ಸುಮ್ಮನಿದ್ದರೆ ಸಾಕಿತ್ತು. ಗಿರಣಿ ಓಡುವಾಗ ಅಲ್ಲಿ ಮಾತಾಡಲೂ ಆಗುವುದಿಲ್ಲ, ಯಾರೂ ಉತ್ತರ ಕೇಳುತ್ತಲೂ ಇರಲಿಲ್ಲ. ಪೆಟ್ಟಿಗೆ ನನ್ನದಾಗಿತ್ತು. ಮೇಸ್ತ್ರಿ ನನ್ನತ್ತ ನೋಡದೆ ಗೋಡೆ ನೋಡುತ್ತಿದ್ದರು. ಈ ಕೆಲಸ ಮಾಡಿದ್ದು ನಾನು, ನನ್ನ ಬೆರಳ ತುದಿಯಲ್ಲಿ ಇನ್ನೂ ಕ್ರಿಂಪಿಂಗ್ ಗುಳ್ಳೆಗಳಿವೆ. ಅದನ್ನು ಮಾಡಿಲ್ಲವೆಂದು ಒಪ್ಪಿಕೊಂಡು ಪೆಟ್ಟಿಗೆ ಪಡೆಯುವುದು ಯಾಕೋ ಸೇರಲಿಲ್ಲ. ರಾಗಿ ಮುಗಿಯಿತು, ಮೋಟರು ನಿಂತಿತು.

"ಯಜಮಾನ್ರೇ, ಇದು ಹಳೇ ವೈರಿಂಗ್ ಅಲ್ಲ. ಹಳೇದನ್ನ ಗೊತ್ತಿಲ್ದೇ ಕಿತ್ತು ಗುಜರಿಗೆ ಹಾಕಿದೆ. ಇದು ಹೊಸದಾಗಿ ಕಟ್ಟಿದ್ದು. ಮೇಸ್ತ್ರಿ ಹೇಳ್ಕೊಟ್ರು, ಕಟ್ಟಿದ್ದು ನಾನು," ಎಂದೆ.

ಯಜಮಾನರ ಮುಖ ಬಿಗಿಯಿತು. ರಾಗಿ ಹಿಟ್ಟಿನ ಡಬ್ಬವನ್ನು ಹೆಂಗಸಿಗೆ ದಾಟಿಸಿ, ಅವರು ಹೋಗುವವರೆಗೂ ಕಾದು, ಮೇಸ್ತ್ರಿಯ ಕಡೆ ತಿರುಗಿದರು. "ಹೌದೇನೋ?"

"ಕಿತ್ತಿದ್ದು ನಿಜ," ಎಂದರು ಮೇಸ್ತ್ರಿ. "ತಪ್ಪೇ. ನಂಗೂ ಸಿಟ್ಟು ಬಂತು. ಆದ್ರೆ ಅರವತ್ಮೂರು ವೈರನ್ನೂ ಎಳೆದು ನೋಡಿದೀನಿ ಯಜಮಾನ್ರೇ. ಒಂದೂ ಕಳಚಿ ಬರ್ಲಿಲ್ಲ. ಆವಾಗ ನಾನ್ ಕಟ್ಟಿ ಎಳೆದಾಗ ಮೂರು ಬಂದಿತ್ತು."

ನಾಲ್ಕು ಭಾನುವಾರದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು, ಅದನ್ನೂ ನನಗಲ್ಲ, ಇನ್ನೊಬ್ಬರಿಗೆ ಹೇಳಿದ್ದು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಯಜಮಾನರು ಮತ್ತೊಮ್ಮೆ ಒಳಗೆ ಬೆಳಕು ಬಿಟ್ಟರು. ಕೈ ಹಾಕಿ ಒಂದು ವೈರನ್ನು ಹಿಡಿದು ತಾವೂ ಜಗ್ಗಿದರು. ಇನ್ನೊಂದನ್ನು ಜಗ್ಗಿದರು. ಬ್ಯಾಟರಿ ಆರಿಸಿ, ಬಾಗಿಲು ಹಾಕಿ, ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆಟ್ಟಿಗೆಯ ಒಂದು ಬದಿ ಹಿಡಿದು ಬಗ್ಗಿದರು.

"ನೋಡ್ತಾ ನಿಂತ್ರೆ ಅದೇ ನಡ್ಕೊಂಡು ಹೋಗುತ್ತಾ?" ಎಂದರು. "ಎತ್ತು ಆ ಕಡೆ."